ಗಲ್ಲಾಪೆಟ್ಟಿಗೆ ಲೆಕ್ಕದಲ್ಲಿ ನಮ್ಮ ಹೊಸೂರು ಯಾರ ಕಡೆ?

ಸಾವಿರ ಕೋಟಿ! 2024ರ ಜೂನ್ 27ರಂದು ತೆರೆ ಕಂಡ 'ಕಲ್ಕಿ 2898 ಎ.ಡಿ.' ಚಿತ್ರ ಪ್ರಪಂಚದಾದ್ಯಂತ ಇಷ್ಟು ಬಾಚಿತೆಂದು ಅದರ ನಿರ್ಮಾಪಕರಾದ ವೈಜಯಂತಿ ಮೂವೀಸ್‌ನವರು ಮೂರನೇ ವಾರದಲ್ಲೇ ಸಾರಿದರು. ಮೊದಲ ದಿನದ ಗಳಿಕೆಯೇ 191.5 ಕೋಟಿ ಎಂದಿದ್ದರು. ತಯಾರಿಕೆಗೆ ಬಿದ್ದ ಖರ್ಚು ಸುಮಾರು 600 ಕೋಟಿ ಎಂದು ಪತ್ರಿಕೆಗಳು ಬರೆದವು. ನಾಗ್ ಅಶ್ವಿನ್ ನಿರ್ದೇಶನದ ಈ ಚಿತ್ರದಲ್ಲಿ ಕುರುಕ್ಷೇತ್ರದ ಅಶ್ವತ್ಥಾಮನೂ ಇದ್ದಾನೆ, ಮಾತಾಡುವ ಕಾರೂ ಇದೆ. ಆ ಕಾರನ್ನು ನಿಜವಾಗಿ ಕಟ್ಟಿದ್ದು ಮಹೀಂದ್ರ ಕಂಪನಿ ಮತ್ತು ಕೊಯಮತ್ತೂರಿನ ಜಯಂ ಸಂಸ್ಥೆಯವರು. ಕಾರಿನ ತೂಕ ಆರು ಟನ್ನು.

ನಮ್ಮೂರ ಅರಳಿಕಟ್ಟೆಯಲ್ಲಿ ಈ ಅಂಕಿಯ ಸುದ್ದಿ ಬಂದಾಗ ಟೊಮೆಟೊ ವ್ಯಾಪಾರಿಯೊಬ್ಬರು, "ಅಣ್ಣಾ, ಸಾವಿರ ಕೋಟೀನೂ ಆ ನಿರ್ಮಾಪಕರ ಮನೆಗೇ ಹೋಗ್ತದಾ?" ಅಂದರು. ದಿನಾ ಮಂಡಿಯಲ್ಲಿ ನಿಲ್ಲುವ ಮನುಷ್ಯ ಹೀಗೆ ಕೇಳಿದರೆ ಹೇಗೆ? ರಾಯಕೋಟೆ ಮಾರುಕಟ್ಟೆಗೆ ಕ್ರೇಟು ಇಳಿಸಿದವನಿಗೆ ಗೊತ್ತು, ಕೂಗಿದ ರೇಟು ಬೇರೆ, ಕೈಗೆ ಬರುವ ಪಟ್ಟಿ ಬೇರೆ. ಲಾರಿ ಬಾಡಿಗೆ, ಇಳಿಸುವ ಕೂಲಿ, ಕಮಿಷನ್ ಎಲ್ಲ ಕಳೆದು ಉಳಿದದ್ದು ರೈತನದು. ಸಿನಿಮಾದವರ 'ಗ್ರಾಸ್' ಅಂದರೆ ಕೂಗಿದ ರೇಟು. ತೆರಿಗೆ ಕಳೆದರೆ 'ನೆಟ್'. ಅದರಲ್ಲಿ ಥಿಯೇಟರಿನವರ ಪಾಲು ತೆಗೆದರೆ ವಿತರಕನ 'ಶೇರು'. ಅವನ ಕಮಿಷನ್ ಹೋದ ಮೇಲೆ ನಿರ್ಮಾಪಕನ ಸರದಿ.

ತಮಿಳುನಾಡಿನಲ್ಲಿ 2017ರ ಅಕ್ಟೋಬರಿನಲ್ಲಿ ಸರ್ಕಾರ ಟಿಕೆಟಿಗೆ ಮಿತಿ ಹಾಕಿತು. ಮಲ್ಟಿಪ್ಲೆಕ್ಸಿನಲ್ಲಿ ತೆರಿಗೆ ಬಿಟ್ಟು ಹೆಚ್ಚೆಂದರೆ 150 ರೂಪಾಯಿ. ಕಲ್ಕಿ ಬಂದ ಕಾಲಕ್ಕೆ ಅದರ ಮೇಲೆ ಶೇ. 18 ಜಿ.ಎಸ್.ಟಿ., ಅಂದರೆ 27 ರೂಪಾಯಿ. ಒಟ್ಟು 177. ಇದರ ಮೇಲೆ ಸ್ಥಳೀಯ ಸಂಸ್ಥೆಯ ಮನರಂಜನಾ ತೆರಿಗೆ ಪ್ರತ್ಯೇಕ. ಆ ತೆರಿಗೆ ತಮಿಳು ಚಿತ್ರಕ್ಕೆ ಕಡಿಮೆ, ಬೇರೆ ಭಾಷೆಗೆ ಜಾಸ್ತಿ. ಥಿಯೇಟರೂ ವಿತರಕನೂ ಸಮಪಾಲು ಎಂದಿಟ್ಟುಕೊಂಡರೆ ಆ 177ರಲ್ಲಿ ವಿತರಕನಿಗೆ ದಕ್ಕುವುದು 75. ದೊಡ್ಡ ಚಿತ್ರಕ್ಕೆ ಮೊದಲ ವಾರ ವಿತರಕನ ಕೈ ಮೇಲಿರುತ್ತದೆ, ವಾರ ಕಳೆದ ಹಾಗೆ ಥಿಯೇಟರಿನ ಪಾಲು ಏರುತ್ತದೆ. ಅದಕ್ಕೇ ಇವರಿಗೆ ಶುಕ್ರವಾರದಿಂದ ಭಾನುವಾರದವರೆಗೆ ಅಷ್ಟು ಆತುರ. ನಮ್ಮ ಗುಲಾಬಿಯವರಿಗೆ ಫೆಬ್ರವರಿ 14ರ ಮುಂಚಿನ ಎರಡು ವಾರ ಇದ್ದ ಹಾಗೆ!

ಸೇಲಂ ಖಾತೆಗೆ ಸೇರುವ ಹೊಸೂರು

ಇನ್ನೊಂದು ಸಂಗತಿ ಹೆಚ್ಚಿನವರಿಗೆ ತಿಳಿದಿಲ್ಲ. ಸಿನಿಮಾ ವ್ಯಾಪಾರಕ್ಕೆ ಅದರದೇ ನಕಾಶೆ ಇದೆ. ತೆಲುಗಿನವರಿಗೆ ನೈಜಾಂ, ಆಂಧ್ರ, ಸೀಡೆಡ್. 1800ರಲ್ಲಿ ನಿಜಾಮ ಇಂಗ್ಲಿಷರಿಗೆ ಬಿಟ್ಟುಕೊಟ್ಟ ರಾಯಲಸೀಮೆ ಇವತ್ತಿಗೂ ಸಿನಿಮಾದವರ ಬಾಯಲ್ಲಿ 'ಸೀಡೆಡ್'ಏ. ತಮಿಳಿನವರಿಗೆ ಚೆಂಗಲ್ಪಟ್ಟು, ಕೊಯಮತ್ತೂರು, ಸೇಲಂ, ಮದುರೈ ಹೀಗೆ ಏರಿಯಾಗಳು. ನಮ್ಮ ಜಿಲ್ಲೆ 1965ರವರೆಗೆ ಸೇಲಂ, ಆಮೇಲೆ ಧರ್ಮಪುರಿ, 2004ರ ಫೆಬ್ರವರಿಯಿಂದ ಕೃಷ್ಣಗಿರಿ ಆಯಿತು. ಸಿನಿಮಾ ನಕಾಶೆಯಲ್ಲಿ ಮಾತ್ರ ನಾವು ಸೇಲಂ ಬಿಟ್ಟು ಕದಲಲಿಲ್ಲ. ಬಾಗಲೂರಿನ ಕನ್ನಡದವನು, ಬೇರಿಗೆಯ ತೆಲುಗಿನವನು ಹೊಸೂರಿಗೆ ಬಂದು ತೆಲುಗು ಚಿತ್ರ ನೋಡಿದರೂ ಆ ರೂಪಾಯಿ ಬೀಳುವುದು ತಮಿಳುನಾಡು, ಸೇಲಂ ಏರಿಯಾ ಎಂಬ ಕಾಲಂನಲ್ಲಿ.

ಗಡಿ ದಾಟುವ ದುಡ್ಡೂ ಉಂಟು. 2023ರ ಜನವರಿಯಲ್ಲಿ ಚೆನ್ನೈಯ ಥಿಯೇಟರೊಂದರ ಮುಂದೆ ನಸುಕಿನ ಶೋ ಸಂಭ್ರಮದಲ್ಲಿ ಲಾರಿ ಮೇಲೆ ಕುಣಿಯುತ್ತಿದ್ದ ಹುಡುಗ ಬಿದ್ದು ಸತ್ತ. ಆಮೇಲೆ ತಮಿಳುನಾಡಿನಲ್ಲಿ ದೊಡ್ಡ ಚಿತ್ರಗಳ ಮೊದಲ ಶೋ ಬೆಳಿಗ್ಗೆ 9ಕ್ಕೆ ಎಂದಾಯಿತು. ಅಲ್ಲಿಯವರೆಗೆ ತಾಳ್ಮೆಯಿಲ್ಲದ ನಮ್ಮ ಹುಡುಗರು ಬೈಕಿನಲ್ಲಿ ಅತ್ತಿಬೆಲೆ ದಾಟಿ ಬೆಂಗಳೂರಿಗೆ ಹೋಗುತ್ತಾರೆ. ಅದೇ ಹೊತ್ತಿಗೆ ಬೆಂಗಳೂರಿನ ಮಲ್ಟಿಪ್ಲೆಕ್ಸ್ ದರ ಕೇಳಿ ಬೆಚ್ಚಿದ ಎಲೆಕ್ಟ್ರಾನಿಕ್ ಸಿಟಿಯವರು ಹೊಸೂರಿಗೆ ಬರುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟು ತಡೆ ಕೊಟ್ಟಿತು. ಹೀಗೆ ಹೊಸೂರಿನವನ ದುಡ್ಡು ಕರ್ನಾಟಕದ ಗಳಿಕೆ, ಬೆಂಗಳೂರಿನವನ ದುಡ್ಡು ತಮಿಳುನಾಡಿನ ಗಳಿಕೆ! ಪತ್ರಿಕೆಯಲ್ಲಿ ರಾಜ್ಯವಾರು ಪಟ್ಟಿ ಓದಿ ಯಾವ ಭಾಷೆಯವರು ಎಷ್ಟು ನೋಡಿದರು ಎಂದು ತೀರ್ಮಾನಿಸುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಮೂವತ್ತಮೂರು ವರ್ಷ ಮೊದಲು

ಕಾಲದಲ್ಲಿ ಹಿಂದೆ ಮುಂದೆ ಹೋಗುವ ಆಟ ನಮ್ಮ ಕಡೆಗೆ ಮೊದಲು ತಂದದ್ದು ಕಲ್ಕಿ ಅಲ್ಲ, 'ಆದಿತ್ಯ 369'. 1991ರ ಜುಲೈ 18ಕ್ಕೆ ಬಿಡುಗಡೆ. ನಿರ್ದೇಶಕ ಸಿಂಗೀತಂ ಶ್ರೀನಿವಾಸರಾವ್. ಕನ್ನಡದವರಿಗೆ ಈ ಹೆಸರು ಹೊಸದಲ್ಲ. ರಾಜ್‌ಕುಮಾರ್ ಅವರ 'ಹಾಲು ಜೇನು', 'ಚಲಿಸುವ ಮೋಡಗಳು', 'ಶ್ರಾವಣ ಬಂತು' ಇವರವೇ, ಮಾತೇ ಇಲ್ಲದ 'ಪುಷ್ಪಕ ವಿಮಾನ'ವೂ ಇವರದೇ. ಎಚ್.ಜಿ. ವೆಲ್ಸ್ 1895ರಲ್ಲಿ ಬರೆದ ಕಾಲಯಂತ್ರದ ಕಾದಂಬರಿಯ ಗುಂಗಿನಲ್ಲಿ ಇವರು ಕಥೆ ಹೆಣೆದರು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಚಿತ್ರವನ್ನು ಅರ್ಪಿಸಿದರು, ಇಳಯರಾಜಾ ಸಂಗೀತ ಕೊಟ್ಟರು. ಬಾಲಕೃಷ್ಣ ಯಂತ್ರ ಹತ್ತಿ ಕೃಷ್ಣದೇವರಾಯನ ಕಾಲಕ್ಕೆ ಹೋಗುತ್ತಾರೆ, ರಾಯನ ಪಾತ್ರವೂ ಅವರದೇ. ಅಲ್ಲಿಂದ ಜಿಗಿದರೆ 2504ನೇ ಇಸವಿ.

ಚಿತ್ರ ಗೆದ್ದಿತು. ಗೆಲ್ಲಲು ಯಂತ್ರದ ಸೋಜಿಗ ಒಂದೇ ಕಾರಣವಲ್ಲ ಎಂದು ನನ್ನ ಎಣಿಕೆ. ನಮ್ಮ ಕಡೆ ಮುದುಕರೂ ಹೋದರು. 1970ರಲ್ಲಿ ಪಂತುಲು ಅವರ ಕನ್ನಡ ಚಿತ್ರದಲ್ಲಿ ರಾಜ್‌ಕುಮಾರ್ ಅವರನ್ನು ರಾಯನಾಗಿ ಕಂಡ ಕಣ್ಣುಗಳು ಅವು. "ಮನ ರಾಯಲು" ಎಂದು ತೆಲುಗಿನವರು, "ನಮ್ಮ ರಾಯರು" ಎಂದು ಕನ್ನಡದವರು. ಎರಡೂ ಒಂದೇ ಬೆಂಚಿನ ಮೇಲೆ. ರಾಯ ಆಳಿದ್ದು ಹಂಪಿಯಿಂದ, ಕಾವ್ಯ ಬರೆದದ್ದು ತೆಲುಗಿನಲ್ಲಿ, ಅವನ ಬಗ್ಗೆ ಜಗಳ ಯಾಕೆ ಬೇಕು?

ಆಗ ರೀಲಿನ ಕಾಲ. ಪ್ರಿಂಟು ಎಣಿಸಿದಷ್ಟೇ. ಮೊದಲು ದೊಡ್ಡ ಪಟ್ಟಣ, ಅಲ್ಲಿ ಓಡಿ ಗೆರೆ ಬಿದ್ದ ಮೇಲೆ ಸಣ್ಣ ಊರು, ಕೊನೆಗೆ ಟೂರಿಂಗ್ ಟಾಕೀಸು. ಹಾಗಾಗಿ ಗಲ್ಲಾಪೆಟ್ಟಿಗೆ ನಿಧಾನವಾಗಿ ತುಂಬುತ್ತಿತ್ತು. ಐವತ್ತು ದಿನ, ನೂರು ದಿನ ಎಂಬುದೇ ಅಳತೆ. ಕೋಟಿ ಕೇಳುವವರೇ ಇರಲಿಲ್ಲ. ಈಗ ಒಂದೇ ಬೆಳಿಗ್ಗೆ ಸಾವಿರಾರು ಪರದೆ, ಮೂರು ದಿನದಲ್ಲಿ ಹಣೆಬರಹ. 'ಆದಿತ್ಯ 369' ಹೊಸ ಹೊಳಪಿನೊಂದಿಗೆ 2025ರ ಏಪ್ರಿಲ್ 4ಕ್ಕೆ ಮತ್ತೆ ತೆರೆಗೆ ಬಂತು. 1931ರಲ್ಲಿ ಹುಟ್ಟಿದ ಸಿಂಗೀತಂ ಅವರನ್ನೇ ಕಲ್ಕಿ ತಂಡ ತನ್ನ ಮಾರ್ಗದರ್ಶಕರಾಗಿ ಸೇರಿಸಿಕೊಂಡಿತ್ತು ಎಂಬುದನ್ನೂ ಹೇಳಬೇಕು.

ಕನ್ನಡದ ಶೋ ಎಲ್ಲಿ?

ಕಲ್ಕಿ ಕನ್ನಡದಲ್ಲೂ ತಯಾರಾಗಿತ್ತು. ದಶಕಗಳ ಕಾಲ ಕರ್ನಾಟಕದಲ್ಲಿ ಡಬ್ಬಿಂಗಿಗೆ ಅಡ್ಡಿ ಇತ್ತು. 2010ರಲ್ಲಿ ರಜನೀಕಾಂತರ 'ಎಂದಿರನ್' ಬಂದಾಗ ಕನ್ನಡದವರು ತಮಿಳಿನಲ್ಲೇ ನೋಡಿದರು. 2015ರಲ್ಲಿ ಸ್ಪರ್ಧಾ ಆಯೋಗ ಆ ಅಡ್ಡಿ ತಪ್ಪೆಂದಿತು, 2017ರಿಂದ ಡಬ್ಬಿಂಗ್ ಚಿತ್ರಗಳು ಬರತೊಡಗಿದವು. ಆದರೂ ಬೆಂಗಳೂರಿನಲ್ಲೇ ಕಲ್ಕಿಗೆ ತೆಲುಗು ಶೋಗಳ ರಾಶಿ, ಕನ್ನಡಕ್ಕೆ ಬೆರಳೆಣಿಕೆ. ಹೊಸೂರಿನಲ್ಲಿ ನಾನು ಹೋದ ಥಿಯೇಟರಿನಲ್ಲಿ ತೆಲುಗು, ತಮಿಳು ಎರಡೇ.

ನನಗೇನು, ತೆಲುಗಿನಲ್ಲೂ ಪದ್ಯ ಕಟ್ಟುವವನು, ಖುಷಿಯಾಗೇ ನೋಡಿದೆ. ಆದರೆ ಪಕ್ಕದಲ್ಲಿ ಕೂತಿದ್ದ ನಮ್ಮ ತಂಗಿಯ ಮಗನ ವಿಷಯ ಬೇರೆ. 2006ರ ತಮಿಳು ಕಲಿಕೆ ಕಾಯ್ದೆಯ ಮೇಲೆ ಶಾಲೆಗೆ ಸೇರಿದ ತಲೆಮಾರಿನವನು. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಅಕ್ಷರ ಕೂಡಿಸಿ ಓದಲಾರ. ಅಂಥವನಿಗೆ ಅಶ್ವತ್ಥಾಮ ಕನ್ನಡದಲ್ಲಿ ಮಾತಾಡಿದರೆ ಅದು ಒಂದು ಪಾಠವೇ ಅಲ್ಲವೇ? 2024ರ ಮಾರ್ಚಿನಲ್ಲಿ ಬಂದ ಕನ್ನಡದ 'ಬ್ಲಿಂಕ್' ಕೂಡ ಕಾಲಪಯಣದ ಕಥೆ, ಯಂತ್ರವೂ ಬೇಡ, ಕಣ್ಣಿಗೆ ಹನಿ ಬಿಟ್ಟರೆ ಸಾಕು. ಸಣ್ಣ ಬಂಡವಾಳದ ಒಳ್ಳೆ ಚಿತ್ರ. ಅದನ್ನು ನಾವಿಬ್ಬರೂ ನೋಡಿದ್ದು ಫೋನಿನಲ್ಲಿ.

ಆವತ್ತು ಶೋ ಬಿಟ್ಟ ಮೇಲೆ ಟಿಕೆಟ್ ಕೌಂಟರಿನವರನ್ನು ಕೇಳಿದೆ, "ಯಾಕಪ್ಪಾ, ಕನ್ನಡದ್ದು ಹಾಕಲ್ವಾ?" ಆತನ ಮನೆಮಾತು ತೆಲುಗು, ನನಗೆ ಕನ್ನಡದಲ್ಲೇ ಉತ್ತರ ಕೊಟ್ಟ. "ಅಣ್ಣಾ, ಕೇಳೋರು ಇಲ್ಲ. ನೀವೇ ತೆಲುಗು ಟಿಕೆಟ್ ತಗೊಂಡ್ರಿ. ನಮ್ಮ ಕಂಪ್ಯೂಟರಿನಾಗೆ ನೀವು ತೆಲುಗಿನವರು. ವಿತರಕರು ನೋಡೋದು ಅದೊಂದೇ. ಒಂದು ಮ್ಯಾಟಿನಿಗೆ ನೂರು ಜನ ಆಗ್ತಾರೆ ಅಂತ ಮೊದಲೇ ಹೇಳಿದ್ರೆ ಓನರ್ ಹತ್ರ ಮಾತಾಡ್ತೀನಿ." ಬಾಗಲೂರು, ಬೇರಿಗೆ, ತಳಿ, ಡೆಂಕಣಿಕೋಟೆ ಕಡೆ ನೂರು ಜನ ಒಂದು ಮಾತೇ? ಕಲ್ಕಿಯ ಎರಡನೇ ಭಾಗ ಬರುವುದಿದೆ. ಹೆಸರು ಬರೆದುಕೊಳ್ಳಲು ನಾನು ಶನಿವಾರ ಮಂಡಿಯಲ್ಲಿ ಸಿಗುತ್ತೇನೆ.