ಓಡಿದರೆ ರಕ್ತನಾಳಕ್ಕೆ ಏನಾಗುತ್ತದೆ?

ನಮ್ಮ ಮೈತುಂಬ ರಕ್ತನಾಳಗಳಿವೆ. ಚಿಕ್ಕ ವಯಸ್ಸಿನಲ್ಲಿ ಅವು ಮೆತ್ತಗಿರುತ್ತವೆ. ರಕ್ತ ನುಗ್ಗಿದಾಗ ಹಿಗ್ಗುತ್ತವೆ, ಮತ್ತೆ ಕುಗ್ಗುತ್ತವೆ. ವಯಸ್ಸಾದಂತೆ, ಬಿಸಿಲಿಗೆ ಬಿದ್ದ ರಬ್ಬರ್ ಪೈಪಿನ ಹಾಗೆ ಪೆಡಸಾಗುತ್ತವೆ. ಆಗ ಬಿ.ಪಿ. ಏರುತ್ತದೆ. ಹೃದಯಕ್ಕೆ ದುಡಿಮೆ ಹೆಚ್ಚುತ್ತದೆ.

ಪೆಡಸಾದ ನಾಳ ಮತ್ತೆ ಮೆತ್ತಗಾದೀತೆ? ಆದೀತು.

ಲಂಡನ್ನಿನಲ್ಲಿ 42 ಕಿಲೋಮೀಟರ್ ಓಟ ನಡೆಯುತ್ತದೆ. ಅದಕ್ಕೆ ಮ್ಯಾರಥಾನ್ ಅಂತಾರೆ. 2016 ಮತ್ತು 2017ರಲ್ಲಿ, ಮೊದಲ ಸಲ ಈ ಓಟ ಓಡಿದ 138 ಜನರನ್ನು ವೈದ್ಯರು ಪರೀಕ್ಷಿಸಿದರು. ಅರ್ಧದಷ್ಟು ಜನ ಹೆಂಗಸರೇ. ಅವರು ಆರು ತಿಂಗಳು ಅಭ್ಯಾಸ ಮಾಡಿದ್ದರು. ಅವರ ದೊಡ್ಡ ರಕ್ತನಾಳ ನಾಲ್ಕು ವರ್ಷ ಎಳೆಯದಾದಂತೆ ಮೆತ್ತಗಾಗಿತ್ತು! ಬಿ.ಪಿ.ಯೂ ಇಳಿದಿತ್ತು.

ಆದರೆ ಒಂದೇ ದಿನ ಅತಿಯಾಗಿ ಓಡಿದರೆ ಸ್ನಾಯುಗಳಿಗೆ ಪೆಟ್ಟಾಗುತ್ತದೆ. ಗಾಯದ ಸುತ್ತ ಕೆಂಪಗೆ ಊದಿಕೊಳ್ಳುತ್ತದಲ್ಲ, ಅದೇ ಉರಿಯೂತ. ಅದು ಮೈಯೊಳಗೂ ಏಳುತ್ತದೆ. ಕೆಲವು ದಿನಗಳಲ್ಲಿ ಇಳಿಯುತ್ತದೆ. ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಕೊಂಡರೆ ಮೈ ಅದನ್ನು ತಾಳಿಕೊಳ್ಳುತ್ತದೆ.

ಹಾಗಾದರೆ ನಾವೂ 42 ಕಿಲೋಮೀಟರ್ ಓಡಬೇಕೆ? ಬೇಡ. ವಾರಕ್ಕೆ ಐದು ದಿನ, ದಿನಾ ಅರ್ಧ ಗಂಟೆ ಬೇಗಬೇಗ ನಡೆಯೋಣ. ಅದರಿಂದಲೂ ನಾಳಗಳಿಗೆ ಒಳ್ಳೆಯದು. ಎದೆನೋವು, ಬಿ.ಪಿ. ಇರುವವರು ಮೊದಲು ಡಾಕ್ಟರನ್ನು ಕೇಳಿ. ನಡೆಯುತ್ತೇವೆ ಅಂತ ಮಾತ್ರೆ ಬಿಡಬೇಡಿ.