ನಿಮಗಿದು ಗೊತ್ತೇ? ಡಿಮೆಟ್ರಿಯಸ್: ಹೆಸರೊಂದು, ಅವತಾರ ನೂರೆಂಟು!

ಡಿಮೆಟ್ರಿಯಸ್ ಅನ್ನೋದು ಅಪ್ಪಟ ಗಂಡಸಿನ ಹೆಸರು. ಆದರೆ ಅದರೊಳಗೆ ಕೂತಿರುವುದು ಹೆಣ್ಣುದೇವರು! ಪ್ರಾಚೀನ ಗ್ರೀಕರ ಬೆಳೆಯ ದೇವತೆ ಡಿಮೀಟರ್. ಅವಳಿಗೆ ಸೇರಿದವನೇ ಡಿಮೆಟ್ರಿಯಸ್. ನಮ್ಮಲ್ಲಿ ದ್ಯಾಮವ್ವನ ಹೆಸರು ಹೊತ್ತ ದ್ಯಾಮಪ್ಪ, ಯಲ್ಲಮ್ಮನ ಹೆಸರು ಹೊತ್ತ ಯಲ್ಲಪ್ಪ ಇಲ್ಲವೇ? ಹಾಗೇ ಅನ್ನಿ.

ಈ ಹೆಸರಿನ ರಾಜನೊಬ್ಬ ಕ್ರಿ.ಪೂ. 305ರಲ್ಲಿ ರೋಡ್ಸ್ ದ್ವೀಪದ ಪಟ್ಟಣಕ್ಕೆ ಮುತ್ತಿಗೆ ಹಾಕಿದ. ಅಲೆಕ್ಸಾಂಡರನ ಸೇನಾನಿ ಒಕ್ಕಣ್ಣ ಆಂಟಿಗೋನಸ್‌ನ ಮಗ ಇವನು. ಗೋಡೆ ಒಡೆಯಲು ಇವನು ಕಟ್ಟಿಸಿದ್ದು ಚಕ್ರದ ಮೇಲೆ ಉರುಳುವ ಒಂಬತ್ತು ಅಂತಸ್ತಿನ ಮರದ ಗೋಪುರ! ಎತ್ತರ ಸುಮಾರು 40 ಮೀಟರ್. ಬೆಂಕಿ ತಗುಲದಂತೆ ಹೊರಮೈಗೆ ಕಬ್ಬಿಣದ ತಗಡು. ತಳ್ಳಲು 3,400 ಆಳುಗಳು ಬೇಕಾಗಿದ್ದರಂತೆ!

ಆ ಗೋಪುರದ ಒಳಗೆ ಪ್ರತಿ ಅಂತಸ್ತಿಗೂ ಎರಡೆರಡು ಏಣಿಮೆಟ್ಟಿಲು. ಹತ್ತಲು ಒಂದು, ಇಳಿಯಲು ಇನ್ನೊಂದು. ಸೈನಿಕರು ಎದುರುಬದುರು ಬಂದು ಸಿಕ್ಕಿಹಾಕಿಕೊಳ್ಳಬಾರದಲ್ಲ! 2,300 ವರ್ಷಗಳ ಹಿಂದೆಯೇ ಒನ್‌ವೇ ಸಂಚಾರ, ನೋಡಿ!

ಇಷ್ಟು ದೊಡ್ಡ ಗೋಪುರವನ್ನು ನಿಲ್ಲಿಸಿದ್ದು ಯಾವುದು ಗೊತ್ತೇ? ಕೊಚ್ಚೆ! ಗೋಪುರ ಬರುವ ದಾರಿಗೆ ಪಟ್ಟಣದವರು ರಾತ್ರಿಯೆಲ್ಲ ನೀರು, ಕೆಸರು, ಹೊಲಸು ಸುರಿದರು. ಬೆಳಗಾದರೆ ಚಕ್ರ ಹೂತು ನಿಂತಿತ್ತು. ಈ ಕತೆ ಹೇಳುವವನು ರೋಮನ್ ಎಂಜಿನಿಯರ್ ವಿಟ್ರೂವಿಯಸ್.

ಒಂದು ವರ್ಷ ಹೆಣಗಾಡಿ ಡಿಮೆಟ್ರಿಯಸ್ ಯುದ್ಧದ ಸಾಮಾನನ್ನೆಲ್ಲ ಅಲ್ಲೇ ಬಿಟ್ಟು ಹೊರಟ. ರೋಡ್ಸ್‌ನ ಜನ ಅದನ್ನು ಮಾರಿದರು. ಬಂದ ದುಡ್ಡಿನಲ್ಲಿ ಸೂರ್ಯದೇವನ ಕಂಚಿನ ಮೂರ್ತಿ ಎಬ್ಬಿಸಿದರು. ಕೆಲಸ ಹನ್ನೆರಡು ವರ್ಷ ನಡೆಯಿತು. ಎತ್ತರ 33 ಮೀಟರ್‌ನಷ್ಟು. ಅದೇ ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲೊಂದಾದ ಕೊಲೊಸಸ್! ಸೋತವನ ಗುಜರಿಯಿಂದ ಹುಟ್ಟಿದ ಅದ್ಭುತ!

ಈ ಡಿಮೆಟ್ರಿಯಸ್ ಅದಕ್ಕೂ ಮೊದಲು, ಕ್ರಿ.ಪೂ. 307ರಲ್ಲಿ, ಅಥೆನ್ಸ್ ನಗರವನ್ನು ಒಬ್ಬನ ಆಳ್ವಿಕೆಯಿಂದ ಬಿಡಿಸಿದ್ದ. ಆ ಒಬ್ಬನ ಹೆಸರೇನು ಹೇಳಿ? ಡಿಮೆಟ್ರಿಯಸ್! ಫಲೇರಮ್ ಊರಿನವನು, ದೊಡ್ಡ ವಿದ್ವಾಂಸ. ಹತ್ತು ವರ್ಷ ಅಥೆನ್ಸ್ ಆಳಿದ್ದ.

ಆ ವಿದ್ವಾಂಸನಿಗೆ ಅಥೆನ್ಸ್‌ನಲ್ಲಿ 360 ಪ್ರತಿಮೆಗಳಿದ್ದವಂತೆ. ಅಧಿಕಾರ ಹೋಗಿದ್ದೇ ತಡ, ಜನ ಅವನ್ನು ಕೆಡವಿದರು. ಕೆಲವನ್ನು ಮಾರಿದರು, ಕೆಲವನ್ನು ನೀರಿಗೆ ಎಸೆದರು. ಇನ್ನು ಕೆಲವನ್ನು ರಾತ್ರಿ ಮೂತ್ರ ಮಾಡುವ ಪಾತ್ರೆಗಳನ್ನಾಗಿ ಮಾಡಿಕೊಂಡರು ಅಂತ ಹಳೆಯ ಗ್ರೀಕ್ ಲೇಖಕ ಡಯೊಜಿನಿಸ್ ಲೇರ್ಷಿಯಸ್ ಬರೆದಿಟ್ಟಿದ್ದಾನೆ. ಅಬ್ಬಾ, ಏನು ಸಿಟ್ಟು!

ಗೆದ್ದ ಡಿಮೆಟ್ರಿಯಸ್‌ಗೆ ಮಾತ್ರ ದೇವರ ಮರ್ಯಾದೆ. ಅಥೆನ್ಸ್‌ನವರು ಒಂದು ತಿಂಗಳಿಗೇ ಅವನ ಹೆಸರಿಟ್ಟರು. ಅಥೀನಾ ದೇವಿಯ ಪಾರ್ಥೆನಾನ್ ಗುಡಿಯ ಹಿಂಭಾಗವನ್ನು ಅವನ ಬಿಡಾರಕ್ಕೆ ಕೊಟ್ಟರು! ಅಲ್ಲಿ ಅವನು ನಡೆಸಿದ ಮೋಜು ಮಸ್ತಿಯ ಕತೆ ಮಾತ್ರ ಇಲ್ಲಿ ಬೇಡ ಬಿಡಿ.

ಭಾರತಕ್ಕೂ ಒಬ್ಬ ಡಿಮೆಟ್ರಿಯಸ್ ಬಂದಿದ್ದ. ಬ್ಯಾಕ್ಟ್ರಿಯಾದ, ಅಂದರೆ ಇಂದಿನ ಉತ್ತರ ಅಫ್ಘಾನಿಸ್ತಾನದ ಕಡೆಯ ಗ್ರೀಕ್ ರಾಜ. ಕ್ರಿ.ಪೂ. 2ನೇ ಶತಮಾನದ ಆರಂಭದಲ್ಲಿ ಹಿಂದೂಕುಷ್ ದಾಟಿ ಬಂದ. ಅವನ ಬೆಳ್ಳಿ ನಾಣ್ಯ ನೋಡಬೇಕು ನೀವು! ತಲೆ ಮೇಲೆ ಕಿರೀಟವಲ್ಲ, ಆನೆಯ ಮುಖದ ಟೋಪಿ! ಹಣೆಯ ಮೇಲೆ ಸೊಂಡಿಲು ಎತ್ತಿ ನಿಂತಿದೆ, ಪಕ್ಕದಲ್ಲಿ ದಂತ ಚಾಚಿದೆ.

ರಷ್ಯಾಕ್ಕೆ ಹೋದ ಈ ಹೆಸರು ‘ಡಿಮಿಟ್ರಿ’ ಆಯಿತು. 1591ರಲ್ಲಿ ಉಗ್ಲಿಚ್ ಊರಿನಲ್ಲಿ ಎಂಟು ವರ್ಷದ ರಾಜಕುಮಾರ ಡಿಮಿಟ್ರಿ ಕುತ್ತಿಗೆಗೆ ಗಾಯವಾಗಿ ಸತ್ತ. ಚರ್ಚಿನ ಗಂಟೆ ಮೊಳಗಿತು, ಜನ ದಂಗೆ ಎದ್ದರು. ಶಿಕ್ಷೆ ಯಾರಿಗೆ? ಜನರಿಗೂ ಆಯಿತು, ಗಂಟೆಗೂ ಆಯಿತು! ಅದರ ನಾಲಿಗೆ ಕಿತ್ತು, ಸೈಬೀರಿಯಾದ ತೊಬೋಲ್ಸ್ಕ್‌ಗೆ ಗಡೀಪಾರು ಮಾಡಿದರು. ಅದು ಊರಿಗೆ ವಾಪಸಾಗಿದ್ದು 1892ರಲ್ಲಿ!

ಕತೆ ಅಲ್ಲಿಗೇ ಮುಗಿಯಲಿಲ್ಲ. ಕೆಲವು ವರ್ಷಗಳ ನಂತರ ಯಾರೋ ಒಬ್ಬ ಬಂದು ‘ಸತ್ತಿಲ್ಲ, ನಾನೇ ಆ ಡಿಮಿಟ್ರಿ’ ಅಂದ. 1605ರಲ್ಲಿ ಸಿಂಹಾಸನವನ್ನೇ ಏರಿಬಿಟ್ಟ! ಒಂದು ವರ್ಷದೊಳಗೆ ಜನ ಅವನನ್ನು ಕೊಂದರು. ಹೆಣ ಸುಟ್ಟು, ಬೂದಿಯನ್ನು ಫಿರಂಗಿಗೆ ತುಂಬಿ, ಅವನು ಬಂದಿದ್ದ ಪೋಲೆಂಡ್ ದಿಕ್ಕಿಗೆ ಹಾರಿಸಿದರಂತೆ!

ಆಮೇಲೆ ಎರಡನೇ ನಕಲಿ ಡಿಮಿಟ್ರಿ ಬಂದ. ಮೊದಲನೆಯವನ ಹೆಂಡತಿ ಮರೀನಾ ‘ಹೌದು, ಇವರೇ ನನ್ನ ಗಂಡ’ ಅಂದುಬಿಟ್ಟಳು! ಅವನೂ ಸತ್ತ. ಮೂರನೆಯವನೂ ಬಂದ! ಸಾಕಪ್ಪಾ ಸಾಕು.

ಅಂದಹಾಗೆ, ಆ ನಾಲಿಗೆಯಿಲ್ಲದ ಗಂಟೆ ಹೋಗಿದ್ದ ತೊಬೋಲ್ಸ್ಕ್‌ನಲ್ಲೇ 1834ರಲ್ಲಿ ಮತ್ತೊಬ್ಬ ಡಿಮಿಟ್ರಿ ಹುಟ್ಟಿದರು. ಮೂಲವಸ್ತುಗಳ ಆವರ್ತ ಕೋಷ್ಟಕ ಮಾಡಿದ ಡಿಮಿಟ್ರಿ ಮೆಂಡಲೀವ್! ಶಾಲೆಯಲ್ಲಿ ನಾವೆಲ್ಲ ಬೈದುಕೊಂಡು ಬಾಯಿಪಾಠ ಮಾಡಿದ್ದು ಇವರ ಕೃಪೆ.

1869ರ ಆ ಕೋಷ್ಟಕದಲ್ಲಿ ಖಾಲಿ ಮನೆಗಳಿದ್ದವು. ‘ಇಲ್ಲಿ ಒಂದು ವಸ್ತು ಇರಲೇಬೇಕು, ಹುಡುಕಿ’ ಅಂದರು ಮೆಂಡಲೀವ್. ಸಿಗದ ವಸ್ತುವಿಗೆ ಹೆಸರೇನಿಡುವುದು? ಸಂಸ್ಕೃತದ ಮೊರೆ ಹೋದರು! ಏಕ-ಅಲ್ಯುಮಿನಿಯಂ, ಏಕ-ಬೋರಾನ್, ಏಕ-ಸಿಲಿಕಾನ್. ನಮ್ಮದೇ ‘ಏಕ’! ದ್ವಿ, ತ್ರಿಗಳನ್ನೂ ಬಿಡಲಿಲ್ಲ.

1875ರಲ್ಲಿ ಫ್ರಾನ್ಸ್‌ನ ವಿಜ್ಞಾನಿಯೊಬ್ಬರು ಗ್ಯಾಲಿಯಂ ಕಂಡುಹಿಡಿದರು. ಅದೇ ಏಕ-ಅಲ್ಯುಮಿನಿಯಂ. ಅವರು ಅಳೆದ ಸಾಂದ್ರತೆ 4.7. ಅದನ್ನು ಕಣ್ಣಿಂದಲೂ ನೋಡದ ಮೆಂಡಲೀವ್ ರಷ್ಯಾದಲ್ಲಿ ಕೂತು ‘ತಪ್ಪು, 5.9 ಇರಬೇಕು, ಮತ್ತೆ ಅಳೆಯಿರಿ’ ಅಂದರು. ಅಳೆದರು. 5.9 ಬಂತು! ಇದನ್ನು ಓದುವಾಗಲೆಲ್ಲ ಮೈ ಜುಂ ಅನ್ನುತ್ತದೆ.

ಆ ಗ್ಯಾಲಿಯಂ ಲೋಹವೇ. ಆದರೆ ಕರಗಲು 30 ಡಿಗ್ರಿ ಸೆಲ್ಸಿಯಸ್ ಕೂಡ ಬೇಡ. ಅಂಗೈಲಿ ಇಟ್ಟುಕೊಂಡರೆ ನೀರಾಗುತ್ತದೆ!

1887ರಲ್ಲಿ ಸೂರ್ಯಗ್ರಹಣ ನೋಡಲು ಮೆಂಡಲೀವ್ ಬಲೂನ್ ಹತ್ತಿದರು. ಮಳೆಗೆ ನೆಂದ ಬಲೂನು ಇಬ್ಬರನ್ನು ಎತ್ತಲೊಲ್ಲದು. ಬಲೂನು ನಡೆಸುವವನನ್ನೇ ಕೆಳಗಿಳಿಸಿ ಒಬ್ಬರೇ ಮೋಡ ದಾಟಿ ಹೋದರು! ವಯಸ್ಸು ಐವತ್ತಮೂರು. ಬಲೂನು ನಡೆಸಿ ಅಭ್ಯಾಸವೇ ಇರಲಿಲ್ಲ. ಕ್ಷೇಮವಾಗಿ ಇಳಿದರು.

ವೋಡ್ಕಾದಲ್ಲಿ ಮದ್ಯಸಾರ ಶೇ. 40 ಇರಬೇಕೆಂದು ಗೊತ್ತುಮಾಡಿದವರು ಇವರೇ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ನಿಯಮ 1843ರದು. ಆಗ ಮೆಂಡಲೀವ್‌ಗೆ ಒಂಬತ್ತು ವರ್ಷ!

ಸಂಗೀತಕ್ಕೆ ಬನ್ನಿ. ರಷ್ಯಾದ ಡಿಮಿಟ್ರಿ ಶೊಸ್ತಕೋವಿಚ್ ತಮ್ಮ ಹೆಸರನ್ನು ಸ್ವರಗಳಲ್ಲೇ ಬರೆಯುತ್ತಿದ್ದರು! ಜರ್ಮನ್ ಪದ್ಧತಿಯಲ್ಲಿ ಡಿ, ಎಸ್, ಸಿ, ಎಚ್ ನಾಲ್ಕೂ ಸ್ವರಗಳ ಹೆಸರು. ಜರ್ಮನ್‌ನಲ್ಲಿ ಬರೆದರೆ ಅವರ ಹೆಸರಿನ ಆರಂಭದ ಅಕ್ಷರಗಳೂ ಅವೇ. 1960ರ ಎಂಟನೇ ಸ್ಟ್ರಿಂಗ್ ಕ್ವಾರ್ಟೆಟ್ ಶುರುವಾಗುವುದೇ ಈ ನಾಲ್ಕು ಸ್ವರಗಳ ಸಹಿಯಿಂದ!

ಶೇಕ್ಸ್‌ಪಿಯರ್‌ನ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕದಲ್ಲೂ ಒಬ್ಬ ಡಿಮೆಟ್ರಿಯಸ್ ಇದ್ದಾನೆ. ಕಣ್ಣಿಗೆ ಹೂವಿನ ರಸ ಬಿದ್ದು ಮರುಳಾದವರಲ್ಲಿ ಉಳಿದವರ ಮಾಯೆ ಇಳಿಯುತ್ತದೆ. ಇವನದು ಇಳಿಯುವುದೇ ಇಲ್ಲ. ಅದೇ ಮಂಕಿನಲ್ಲಿ ಮದುವೆಯೂ ಆಗಿಬಿಡುತ್ತದೆ!

ಈ ಹೆಸರೇ ರುಮೇನಿಯಾದಲ್ಲಿ ದುಮಿತ್ರು. ಬಲ್ಗೇರಿಯಾದಲ್ಲಿ ದಿಮಿತರ್. ಹಂಗೆರಿಯಲ್ಲಿ ದೊಮೊತೊರ್. ಅಮೆರಿಕಕ್ಕೆ ವಲಸೆ ಹೋದ ಎಷ್ಟೋ ಗ್ರೀಕರಲ್ಲಿ ಜಿಮ್ಮಿ!

ಹಳೆಯ ದೇವತೆಗಳ ಪೂಜೆ ನಿಂತು ಕ್ರೈಸ್ತಮತ ಬಂದಮೇಲೂ ದೇವಿಯ ಈ ಹೆಸರು ಅಳಿಯಲಿಲ್ಲ ಯಾಕೆ? ಥೆಸಲೊನಿಕಿ ನಗರದ ಸಂತ ಡಿಮೆಟ್ರಿಯಸ್‌ನಿಂದ. ಅವನ ಹಬ್ಬ ಅಕ್ಟೋಬರ್ 26. 1912ರಲ್ಲಿ ಆ ನಗರ ತುರ್ಕರಿಂದ ಗ್ರೀಕರ ಕೈಗೆ ಬಂದಿದ್ದೂ, ಗ್ರೀಕರ ಅಂದಿನ ಪಂಚಾಂಗದಂತೆ, ಅಕ್ಟೋಬರ್ 26! ಹಳ್ಳಿಗಳಲ್ಲಿ ಹೊಸ ವೈನ್ ಪೀಪಾಯಿ ತೆರೆಯುವುದೂ ಆ ಹಬ್ಬಕ್ಕೇ.

ಗ್ರೀಸ್‌ನಲ್ಲಿ ಹುಟ್ಟುಹಬ್ಬಕ್ಕಿಂತ ಹೆಸರಿನ ಹಬ್ಬಕ್ಕೇ ಹೆಚ್ಚು ಸಡಗರ. ನಿಮಗೇನಾದರೂ ದಿಮಿತ್ರಿಸ್ ಎಂಬ ಗ್ರೀಕ್ ಗೆಳೆಯನಿದ್ದರೆ ಅಕ್ಟೋಬರ್ 26ಕ್ಕೆ ತಪ್ಪದೆ ಫೋನ್ ಮಾಡಿ ‘ಕ್ರೋನ್ಯಾ ಪೊಲ್ಲಾ’ ಅನ್ನಿ. ನೂರ್ಕಾಲ ಬಾಳು ಅಂತ ಹರಸಿದ ಹಾಗೆ!