ಪಾರ್ಶ್ವವಾಯು: ಮೆದುಳಿನ ಜೀವಕೋಶ ಸಾಯುವುದು ಹೇಗೆ?

ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಬದಿಯ ಕೈಕಾಲು ಸ್ವಾಧೀನ ತಪ್ಪುವುದು – ಇದನ್ನು ನಮ್ಮಲ್ಲಿ 'ಲಕ್ವ ಹೊಡೆಯಿತು' ಎನ್ನುತ್ತಾರೆ. ಕಾಯಿಲೆ ಕಾಣುವುದು ಕೈಕಾಲಿನಲ್ಲಾದರೂ ಅದರ ಮೂಲ ಇರುವುದು ಮೆದುಳಿನಲ್ಲಿ. ಹೆಚ್ಚಿನವರಲ್ಲಿ ಮೆದುಳಿನ ರಕ್ತನಾಳ ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋಗಿರುತ್ತದೆ. ಉಳಿದವರಲ್ಲಿ ರಕ್ತನಾಳ ಒಡೆದಿರುತ್ತದೆ.

ದೇಹದ ತೂಕದಲ್ಲಿ ಮೆದುಳಿನ ಪಾಲು ಸುಮಾರು ಶೇ. 2. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ಆದ್ದರಿಂದ ರಕ್ತ ಪೂರ್ತಿ ನಿಂತ ಭಾಗದ ಜೀವಕೋಶಗಳು ಕೆಲವೇ ನಿಮಿಷಗಳಲ್ಲಿ ಸಾಯುತ್ತವೆ. ಸುತ್ತಲಿನ ಭಾಗಕ್ಕೆ ಅಕ್ಕಪಕ್ಕದ ನಾಳಗಳಿಂದ ಅಷ್ಟಿಷ್ಟು ರಕ್ತ ಬರುತ್ತಿರುತ್ತದೆ. ಅಲ್ಲಿನ ಜೀವಕೋಶಗಳು ಕೆಲಸ ನಿಲ್ಲಿಸಿದ್ದರೂ ಸತ್ತಿರುವುದಿಲ್ಲ. ಚಿಕಿತ್ಸೆಯ ಗುರಿ ಇವನ್ನು ಉಳಿಸುವುದೇ.

ಇವುಗಳಿಗೆ ಅಪಾಯ ಬರುವುದು ಹೀಗೆ: ಶಕ್ತಿ ಕುಂದಿದ ಜೀವಕೋಶಗಳು ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಮಿತಿಮೀರಿ ಹೊರಬಿಡುತ್ತವೆ. ಅದರ ಪ್ರಭಾವದಿಂದ ನೆರೆಯ ಜೀವಕೋಶಗಳೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಆಗ ಅವುಗಳಲ್ಲಿ 'ಫ್ರೀ ರ್‍ಯಾಡಿಕಲ್' ಎಂಬ ಕಣಗಳು ಹೆಚ್ಚುತ್ತವೆ. ಜೋಡಿಯಿಲ್ಲದ ಎಲೆಕ್ಟ್ರಾನ್ ಉಳ್ಳ ಇವು ಸಿಕ್ಕ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತವೆ. ಜೀವಕೋಶದ ಪೊರೆಯ ಕೊಬ್ಬು, ಪ್ರೋಟೀನು, ಡಿ.ಎನ್.ಎ. ಎಲ್ಲವನ್ನೂ ಹಾಳುಗೆಡವುತ್ತವೆ. ಮೆದುಳಿನಲ್ಲಿ ಕೊಬ್ಬಿನಂಶ ಹೆಚ್ಚು, ಇವನ್ನು ತಡೆಯುವ ಶಕ್ತಿ ಕಡಿಮೆ. ರಕ್ತ ಮತ್ತೆ ಹರಿದಾಗಲೂ ಹೊಸ ಆಮ್ಲಜನಕದಿಂದ ಈ ಕಣಗಳು ಹೆಚ್ಚುವುದುಂಟು. ಆದರೂ ಸಕಾಲದಲ್ಲಿ ರಕ್ತ ಹರಿಸುವುದರಿಂದ ಆಗುವ ಲಾಭವೇ ದೊಡ್ಡದು.

'ಹಾಗಾದರೆ ವಿಟಮಿನ್ ಇ ಮಾತ್ರೆ ನುಂಗಿದರೆ ಸಾಲದೆ?' ಎಂದು ನೀವು ಕೇಳಬಹುದು. ಸಾಲದು. ಪ್ರಾಣಿಗಳಲ್ಲಿ ಫಲ ಕೊಟ್ಟಿದ್ದ ಎನ್‌.ಎಕ್ಸ್‌.ವೈ.-059 ಎಂಬ ಔಷಧ, 2007ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ರೋಗಿಗಳಿಗೆ ಉಪಯೋಗವಾಗಲಿಲ್ಲ. 2001ರಲ್ಲಿ ಜಪಾನ್ ಒಪ್ಪಿದ ಎಡರವೋನ್ ಕೆಲವೆಡೆ ಬಳಕೆಯಲ್ಲಿದೆ. ಆದರೆ ಅದು ಮುಚ್ಚಿದ ನಾಳವನ್ನು ತೆರೆಯುವುದಿಲ್ಲ.

ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೆ ಮೊದಲು ಸಿ.ಟಿ. ಸ್ಕ್ಯಾನ್ ಆಗಲೇಬೇಕು, ರಕ್ತಸ್ರಾವವಾಗಿದ್ದರೆ ಅದೇ ಮದ್ದು ಪ್ರಾಣಕ್ಕೆ ಎರವಾದೀತು. ಇದೇ ಕಾರಣಕ್ಕೆ ಮನೆಯಲ್ಲಿ ಆಸ್ಪಿರಿನ್ ಕೊಡಬೇಡಿ. ನುಂಗುವ ಶಕ್ತಿ ತಪ್ಪಿರಬಹುದಾದ್ದರಿಂದ ನೀರು, ಕಾಫಿಯೂ ಬೇಡ.

ಪಾರಿವಾಳದ ರಕ್ತ ಸವರುತ್ತಾ, ಬೆಳಗಾಗಲಿ ಎಂದು ಕಾಯುತ್ತಾ ಹೊತ್ತು ಕಳೆಯಬೇಡಿ. ರೋಗಿ ಕೊನೆಯದಾಗಿ ಸರಿಯಾಗಿದ್ದ ಸಮಯವನ್ನು ಗುರುತು ಹಾಕಿಕೊಳ್ಳಿ, 108ಕ್ಕೆ ಫೋನ್ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಕರೆದೊಯ್ಯಿರಿ.